ಪರದೆ ಹಿಂದಿನ ಸ್ಟೂಲು

ಆ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೂರುವುದೇನಿದ್ದರೂ ಗಿರಾಕಿಗಳ ಕೆಲಸ. ಮಾರುವವರು ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ದೀಪ ಆರಿಸುವವರೆಗೆ ನಿಂತೇ ಇರಬೇಕು. ಗಿರಾಕಿ ಇರಲಿ, ಬಿಡಲಿ, ನಿಂತಿರಬೇಕು. ಸುಮ್ಮನೆ ಗೋಡೆಗೆ ಒರಗಿದರೂ ಮ್ಯಾನೇಜರ್ ಕೆಮ್ಮುತ್ತಿದ್ದರು. ಅಂಗಡಿಯ ಗೊಂಬೆಗಳಿಗಾದರೂ ಬೆನ್ನಿಗೊಂದು ಕಬ್ಬಿಣದ ಆಸರೆ ಇತ್ತು, ಈ ಮನುಷ್ಯರಿಗೆ ಅದೂ ಇರಲಿಲ್ಲ.

ಪರದೆ ಮಾರುವವಳನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಅದರ ಪಟ್ಟಿ ಅವಳ ಪಾದದ ಮೇಲೆ ಅಚ್ಚೊತ್ತಿರುತ್ತಿತ್ತು. ಪಕ್ಕದ ಟವೆಲ್ ಕೌಂಟರಿನ ಹುಡುಗಿಯ ಪಾಡಂತೂ ನೋಡಲಾಗದು. ತುಂಬು ಬಸುರಿ. ಕಾಲು ಊದಿ ಊದಿ ಈಗ ಗಂಡನ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳು. ಇನ್ನು ನನ್ನ ಕೈಲಾಗಲ್ಲ ಅಕ್ಕ, ಈ ವಾರ ಕೆಲಸ ಬಿಡ್ತೀನಿ ಎಂದೂ ಹೇಳಿಯಾಗಿತ್ತು. ಬಿಟ್ಟರೆ ಮತ್ತೆ ಕರೆಯುತ್ತಾರೆಂಬ ನಂಬಿಕೆ ಅವಳಿಗಿರಲಿಲ್ಲ.

ರಜೆಯ ದಿನ ಪರದೆ ಅಕ್ಕನ ನಾದಿನಿ ಮನೆಗೆ ಬಂದಳು. ಅವಳೂ ಇನ್ನೊಂದು ಅಂಗಡಿಯಲ್ಲಿ ಮಾರಾಟದ ಕೆಲಸದವಳೇ. ಕಾಲುನೋವಿನ ಮಾತು ಬಂದಾಗ, ನಿಮ್ಮಲ್ಲಿ ಸ್ಟೂಲ್ ಇಲ್ವಾ ಎಂದು ಕೇಳಿದಳು.

“ಇದಾವಲ್ಲ. ಲೇಬರ್ ಇನ್‌ಸ್ಪೆಕ್ಟರ್ ಬರೋ ದಿನ ಗೋದಾಮಿಂದ ತಂದು, ಒರೆಸಿ, ಕೌಂಟರಿಗೊಂದರಂತೆ ಇಡ್ತೀವಿ. ಅವ್ರು ಹೋದ್ಮೇಲೆ ವಾಪಸ್ ಒಳಗಿಡ್ತೀವಿ. ಬಂದ ಸಾಹೇಬ್ರು ಕೂರ್ಬೇಕಲ್ಲ.”

ನಾದಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಒಬ್ಬ ಸಾಹೇಬ್ರಿಗೆ ಅಷ್ಟೊಂದು ಸ್ಟೂಲಾ ಅತ್ತಿಗೆ? ಅವು ನಿಮಗೇ. ಗಿರಾಕಿ ಇಲ್ದಾಗ ನೀವು ಕೂರ್ಲಿ ಅಂತ ನಿಯಮಾನೇ ಇದೆ. ಅದನ್ನೇ ಅವ್ರು ನೋಡೋಕೆ ಬರೋದು.”

ಪರದೆ ಅಕ್ಕನಿಗೆ ನಗು ಬರಲಿಲ್ಲ, ಮೈ ಉರಿಯಿತು. ತನ್ನ ಕೈಯಾರೆ ಎಷ್ಟು ಸಲ ಆ ಸ್ಟೂಲುಗಳ ಧೂಳು ಹೊಡೆದಿದ್ದಳು!

ಮರುದಿನವೇ ಮ್ಯಾನೇಜರರನ್ನು ಕೇಳಿದಳು. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ನೀನು ಹಳಬಳು, ತೂಗುಹಾಕಿದ ಪರದೆಗಳ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತುಕೋ, ಇದು ನಿನಗೆ ಮಾತ್ರ, ಉಳಿದವರ ಕಿವಿಗೆ ಬೀಳಬಾರದು ಎಂದರು.

ಕೂತಳು. ಜೀವ ಹಾಯ್ ಎಂದಿತು, ಸುಳ್ಳೇಕೆ ಹೇಳಬೇಕು. ಆದರೆ ಪರದೆಗಳ ಸಂದಿಯಿಂದ ಟವೆಲ್ ಕೌಂಟರ್ ನೇರ ಕಾಣುತ್ತಿತ್ತು. ಹುಡುಗಿ ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ ಭಾರ ಹಾಕುತ್ತಾ ನಿಂತಿದ್ದಳು. ಎಲ್ಲಿಗೆ ಹೋಗಿದ್ರಿ ಅಕ್ಕ ಎಂದು ಅವಳು ಕೇಳಿದಾಗ, ಒಳಗೆ ಪರದೆ ಮಡಚುತ್ತಿದ್ದೆ ಎಂದು ಪರದೆ ಅಕ್ಕ ಸುಳ್ಳು ಹೇಳಿದಳು.

ಸಂಜೆ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಅವನು ಬಸ್ ಡ್ರೈವರ್, ಹೆದರಿಕೆಯ ಪ್ರಾಣಿ. “ನಿಂಗೆ ಸಿಕ್ತಲ್ಲ, ಬಾಯ್ಮುಚ್ಕೊಂಡು ಕೂತ್ಕೋ. ಊರ ಉಸಾಬರಿ ನಿಂಗ್ಯಾಕೆ? ನಾಳೆ ಕೆಲಸ ಹೋದ್ರೆ ಅವರ್ಯಾರೂ ಬರಲ್ಲ.”

“ದಿನಾ ಕೂತೇ ಕೆಲಸ ಮಾಡೋರಿಗೆ ನಿಂತೋರ ಕಷ್ಟ ಏನ್ ಗೊತ್ತಾಗ್ಬೇಕು? ಸ್ಟೂಲಿನ ಜೊತೆ ನನ್ನ ಬಾಯಿಗೆ ಬೀಗಾನೂ ಹಾಕಿದಾರೆ ರೀ. ನನ್ನೊಬ್ಬಳಿಗೆ ಕೊಟ್ಟಿದ್ದನ್ನ ನಾಳೆ ಸದ್ದಿಲ್ದೆ ಕಿತ್ಕೋತಾರೆ. ಎಲ್ರೂ ಕೂತ್ರೆ ಯಾರನ್ನ ಅಂತ ಎಬ್ಬಿಸ್ತಾರೆ?”

ಅವನು ಊಟ ಮುಗಿಸಿ ಎದ್ದ. ತಟ್ಟೆ ತೊಳೆದಿಟ್ಟು ಮಲಗಿದ.

ಮರುದಿನ ಊಟದ ಹೊತ್ತಿನಲ್ಲಿ ಅವಳು ಎಲ್ಲರಿಗೂ ಸ್ಟೂಲಿನ ನಿಯಮ ಹೇಳಿಬಿಟ್ಟಳು. ತಾನು ಪರದೆ ಹಿಂದೆ ಕೂತದ್ದನ್ನೂ ಮುಚ್ಚಿಡಲಿಲ್ಲ. ಕೆಲವರು ಹೌಹಾರಿದರು, ಕೆಲವರು ಇಷ್ಟು ದಿನ ನಮಗೆ ಗೊತ್ತಾಗಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡರು. ಮಾತು ಮುಗಿಯುವ ಮೊದಲೇ ಪರದೆ ಅಕ್ಕ ಗೋದಾಮಿನಿಂದ ಒಂದು ಸ್ಟೂಲ್ ಎತ್ತಿಕೊಂಡು ಬಂದು, ಟವೆಲ್ ಹುಡುಗಿಯನ್ನು ಅದರ ಮೇಲೆ ಕೂರಿಸಿದಳು. ತನ್ನದನ್ನೂ ಪರದೆ ಹಿಂದಿನಿಂದ ಹೊರಗೆಳೆದು ಅಂಗಡಿಯ ನಡುವೆಯೇ ಕೂತಳು. ನೋಡನೋಡುತ್ತ ಉಳಿದವರೂ ಗೋದಾಮಿನ ಕಡೆ ನಡೆದರು.

ಮ್ಯಾನೇಜರ್ ಬಂದು ಕೆಮ್ಮಿದರು. ಹುಡುಗಿ ಗಾಬರಿಯಲ್ಲಿ ಏಳಹೋದಳು. ಪರದೆ ಅಕ್ಕ ಅವಳ ಹೆಗಲ ಮೇಲೆ ಕೈಯಿಟ್ಟು ಅದುಮಿ ಕೂರಿಸಿದಳು.

“ಇವ್ರಿಗೆಲ್ಲ ಯಾರು ಹೇಳಿದ್ದು?”

“ನಾನೇ ಹೇಳ್ದೆ ಸರ್. ಇನ್‌ಸ್ಪೆಕ್ಟರ್ ಬಂದ ದಿನ ಸರಿ ಇದ್ದಿದ್ದು ಇವತ್ತು ಹೇಗೆ ತಪ್ಪಾಗತ್ತೆ? ಗಿರಾಕಿ ಬಂದ್ರೆ ಏಳ್ತೀವಿ. ಇಲ್ದಿದ್ರೆ ಕೂರ್ತೀವಿ.”

ಮಾಲೀಕರಿಗೆ ಹೇಳಬೇಕಾಗುತ್ತದೆ ಎಂದರು ಅವರು. ಹೇಳಿ ಸರ್, ನಾವೆಲ್ಲರೂ ಜೊತೆಗೇ ಬರ್ತೀವಿ ಎಂದಳು ಇವಳು. ಅವರು ಇನ್ನೊಮ್ಮೆ ಕೆಮ್ಮಿದರು. ಯಾರೂ ಏಳಲಿಲ್ಲ.

ಸ್ಟೂಲುಗಳು ಮತ್ತೆ ಗೋದಾಮಿಗೆ ಹೋಗಲಿಲ್ಲ. ಟವೆಲ್ ಹುಡುಗಿ ಕೆಲಸ ಬಿಡಲಿಲ್ಲ, ಹೆರಿಗೆ ರಜೆ ಹಾಕಿಯೇ ಹೋದಳು.

ಇದನ್ನೆಲ್ಲ ಕೇಳಿದ ದಿನ ಗಂಡ ಅವಳ ಪಕ್ಕ ಬಂದು ಕೂತ. ಆಮೇಲೆ ನಿಧಾನವಾಗಿ ಬಾಯಿಬಿಟ್ಟ. “ನಮ್ಮ ಡಿಪೋದಲ್ಲೂ ಮಂಚ ಹಾಕಿರೋ ಒಂದು ಕೋಣೆ ಇದೆ ಕಣೇ. ಯಾವಾಗ್ಲೂ ಬೀಗ. ಸಾಹೇಬ್ರಿಗೆ ಇರ್ಬೇಕು ಅಂದ್ಕೊಂಡಿದ್ವಿ. ನಾಳೆ ಕೇಳ್ತೀನಿ.”

“ಒಬ್ರೇ ಹೋಗಿ ಕೇಳ್ಬೇಡಿ,” ಎಂದಳು ಪರದೆ ಅಕ್ಕ.

ಓದುತ್ತಿರುವ ಅಣ್ಣ, ಅಕ್ಕ, ನೀವು ದುಡಿಯುವ ಜಾಗದಲ್ಲೂ ಅಂಥದೊಂದು ಕೋಣೆಗೆ ಬೀಗ ಬಿದ್ದಿರಬಹುದು. ನಿಯಮಗಳು ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ನಿಮಗೇನು ಸಲ್ಲಬೇಕೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲೋ ಸಂಘದಲ್ಲೋ ಕೇಳಿ ತಿಳಿದುಕೊಳ್ಳಿ, ತಿಳಿದ ದಿನವೇ ಪಕ್ಕದವರಿಗೂ ತಿಳಿಸಿ. ಇದು ನಿನಗೆ ಮಾತ್ರ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿದರೆ, ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿಬಿಡಿ.