ಬರಿಹಣೆಯ ಬೇಸಿಗೆ

ಜರಗನಹಳ್ಳಿಯ ನಾರಾಯಣಮ್ಮ ಹಣೆಯ ಮೇಲಿನ ಹುಣ್ಣನ್ನು ಎರಡು ವರ್ಷ ಕುಂಕುಮದ ಕೆಳಗೆ ಬಚ್ಚಿಟ್ಟಿದ್ದರು. ಹುಣ್ಣು ಬೆಳೆದ ಹಾಗೆ ಕುಂಕುಮವೂ ಬೆಳೆದು ಕಾಸಿನಗಲವಾಯಿತು. ಅದನ್ನು ಕಂಡ ಬೀದಿಯ ಜನ ಆಕೆಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡರು. ಗಂಡ ಗಂಗಾಧರಯ್ಯನವರೂ ಹಾಗೇ ಅಂದುಕೊಂಡಿದ್ದರು. ಹೆಂಡತಿಯ ಮುಖವನ್ನು ನೆಟ್ಟಗೆ ನೋಡುವ ಅಭ್ಯಾಸ ಅವರಿಗೆ ಎಂದೋ ತಪ್ಪಿಹೋಗಿತ್ತು. ಒಂದು ದಿನ ಕುಂಕುಮದ ಜೊತೆ ರಕ್ತವೂ ಇಳಿದಾಗ ಗುಟ್ಟು ರಟ್ಟಾಯಿತು.

ಚರ್ಮದ ಕ್ಯಾನ್ಸರ್ ಎಂದರು ಡಾಕ್ಟರು ಬಿಂದುಶ್ರೀ. ಸಾಮಾನ್ಯವಾಗಿ ಬೇರೆ ಕಡೆಗೆ ಹರಡುವ ಜಾತಿಯದಲ್ಲ, ಕೊಯ್ದು ತೆಗೆದು ತೊಡೆಯ ಚರ್ಮವನ್ನು ಹಣೆಗೆ ಹೊಲಿಯುತ್ತೇವೆ ಎಂದು ಧೈರ್ಯ ಹೇಳಿದರು. ಕ್ಯಾನ್ಸರ್ ಎಂಬ ಮಾತಿಗೆ ಅಲುಗದ ನಾರಾಯಣಮ್ಮ ತೊಡೆ ಎಂಬ ಮಾತಿಗೆ ಕುರ್ಚಿ ಬಿಟ್ಟು ಎದ್ದರು.

“ತೊಡೆ ಚರ್ಮದ ಮೇಲೆ ಬನಶಂಕರಮ್ಮನ ಕುಂಕುಮ ಇಡೋದಾ? ಸತ್ರೂ ಬೇಡ.”

ಬಿಂದುಶ್ರೀ ನಗಲಿಲ್ಲ. ಕೊಯ್ಯದೆ ರೇಡಿಯೇಷನ್ ಕೊಟ್ಟೂ ಇದನ್ನು ವಾಸಿ ಮಾಡಬಹುದು. ಆದರೆ ಕೆಲವು ವಾರ ಹೆಚ್ಚುಕಮ್ಮಿ ದಿನಾ ಬರಬೇಕು. ಚರ್ಮ ಕೆಂಪಾಗಿ, ಹಕ್ಕಳೆ ಕಟ್ಟಿ, ಆಮೇಲೆ ಮಾಗುತ್ತದೆ ಎಂದು ಬಿಡಿಸಿ ಹೇಳಿದರು. ನಾರಾಯಣಮ್ಮ ಒಪ್ಪಿ ಸೆರಗು ಸರಿಮಾಡಿಕೊಂಡ ಮೇಲೆ ಕೊನೆಯ ಮಾತು ಬಂತು: ಮಾಗುವ ತನಕ ಹಣೆಗೆ ಕುಂಕುಮ ತಾಗಿಸುವಂತಿಲ್ಲ.

ಚಿಕಿತ್ಸೆಯೇನೋ ಹೂವೆತ್ತಿದ ಹಾಗೆ ಆಗುತ್ತಿತ್ತು. ತೂತಿರುವ ಸೀಸದ ತಗಡನ್ನು ಹಣೆಗಿಟ್ಟು, ಮಷೀನನ್ನು ಹತ್ತಿರ ತಂದು, ಎಲ್ಲರೂ ಆಚೆ ಹೋಗುತ್ತಿದ್ದರು. ಸಣ್ಣದೊಂದು ಗುಂಯ್ ಶಬ್ದ, ಅಷ್ಟೇ. ನೋವು ಕಾದಿದ್ದು ಹೊರಗೆ. ನೆಂಟರ ಮನೆಯ ಸೀಮಂತದಲ್ಲಿ ಅರಿಶಿನ-ಕುಂಕುಮದ ತಟ್ಟೆ ಹಿಡಿದ ಹುಡುಗಿ ಸಾಲಿನಲ್ಲಿ ಒಬ್ಬೊಬ್ಬರಿಗೇ ಕೊಡುತ್ತ ಬಂದು, ಇವರ ಬರಿಹಣೆ ನೋಡಿ, ಕಣ್ಣು ತಗ್ಗಿಸಿ, ಪಕ್ಕದವರ ಮುಂದೆ ಹೋಗಿ ನಿಂತಳು. ಬೇಕಂತ ಮಾಡಿದ್ದಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಇನ್ನು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಮನೆಗೆ ಬಂದವರೇ ಸಾರಿದರು. “ನಾನಿನ್ನೂ ಇದೀನಿ ಅಂತ ನಿನ್ನ ಬೆನ್ನಿಗೊಂದು ಬೋರ್ಡ್ ಹಾಕಿಸ್ಲಾ?” ಎಂದು ಗಂಗಾಧರಯ್ಯ ತಮಾಷೆ ಮಾಡಲು ಹೋಗಿ, ಹೆಂಡತಿಯ ಕಣ್ಣಲ್ಲಿ ನೀರು ಕಂಡು ಒಳಗಿನಿಂದ ಕುಡಿಯುವ ನೀರು ತಂದುಕೊಟ್ಟರು.

ಮರುದಿನ ಬೆಳಿಗ್ಗೆ ನಾರಾಯಣಮ್ಮ ಗೇಟಿನ ಬಳಿ ಸುಮ್ಮನೆ ನಿಂತಿದ್ದಾಗ ಮಹಡಿ ಮನೆಯ ಬಾಡಿಗೆದಾರಳು ಅಂಕಮ್ಮ ಇಳಿದು ಬಂದಳು. ಗಂಡ ತೀರಿಕೊಂಡ ಮೇಲೆ ಜಯನಗರದ ಒಂದು ಮಕ್ಕಳ ಡೇಕೇರ್‌ನಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ನಾರಾಯಣಮ್ಮ ಬೀದಿಯ ಹೆಂಗಸರನ್ನೆಲ್ಲ ಕುಂಕುಮಕ್ಕೆ ಕರೆದು, ಅಂಕಮ್ಮನಿಗೆ ಮಾತ್ರ ಹೋಳಿಗೆಯನ್ನು ಮಹಡಿಗೇ ಕಳಿಸಿಬಿಡುತ್ತಿದ್ದರು. ತುಪ್ಪವನ್ನೇನೋ ಧಾರಾಳವಾಗಿಯೇ ಹಾಕಿರುತ್ತಿದ್ದರು.

ಆಸ್ಪತ್ರೆಗೆ ಯಾಕೆ ಹೊರಟಿಲ್ಲ ಎಂದು ಅಂಕಮ್ಮ ಕೇಳಿದಾಗ ನಾರಾಯಣಮ್ಮ ಸೀಮಂತದ ಸಂಗತಿ ಹೇಳಿಕೊಂಡರು. ಅಂಕಮ್ಮ ಪೂರ್ತಿ ಕೇಳಿಸಿಕೊಂಡಳು.

“ನಾನು ವರ್ಷಗಟ್ಟಲೆಯಿಂದ ಇದೇ ಹಣೇಲಿ ಮೆಟ್ರೋ ಹತ್ತಿ ಹೋಗ್ತಿದೀನಮ್ಮ. ಬನ್ನಿ, ಆಸ್ಪತ್ರೆಗೂ ಅದೇ ದಾರಿ, ಜೊತೇಲಿ ಹೋಗೋಣ.”

ಮಾತಿನಲ್ಲಿ ಕುಟುಕಿರಲಿಲ್ಲ. ಕುಟುಕಿದ್ದರೆ ನಾರಾಯಣಮ್ಮ ಜಗಳವಾಡಿ ಒಳಗೆ ಹೋಗಿಬಿಡುತ್ತಿದ್ದರು. ನಾಚಿಕೆಯಿಂದ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದರು. ಆವತ್ತು ಮಾತ್ರವಲ್ಲ, ಚಿಕಿತ್ಸೆ ಮುಗಿಯುವ ತನಕ ಅಂಕಮ್ಮನ ಪಕ್ಕದಲ್ಲೇ ಕೂತು ಹೋದರು.

ಶ್ರಾವಣದ ಹೊತ್ತಿಗೆ ಹಕ್ಕಳೆ ಉದುರಿ, ತೆಳುಗುಲಾಬಿ ಚರ್ಮ ಬಂದಿತ್ತು. ಹುಣ್ಣು ಹೋಗಿದೆ, ತಪಾಸಣೆ ತಪ್ಪಿಸಬೇಡಿ, ಕುಂಕುಮ ಒಂಚೂರು ಇಟ್ಟುಕೊಳ್ಳಬಹುದು ಎಂದರು ಬಿಂದುಶ್ರೀ. ಹಬ್ಬದ ಸಂಜೆ ಚಾಪೆ ತುಂಬ ಮುತ್ತೈದೆಯರು ಕೂತಿದ್ದಾಗ ನಾರಾಯಣಮ್ಮ ಇನ್ನೂ ಬರಿಹಣೆಯಲ್ಲೇ ತಟ್ಟೆ ಹಿಡಿದು, ಮಂಡಿನೋವು ಲೆಕ್ಕಿಸದೆ ಮಹಡಿ ಹತ್ತಿದರು.

ತಟ್ಟೆ ಕಂಡ ಅಂಕಮ್ಮ ಬಾಗಿಲಿನಿಂದ ಹಿಂದೆ ಸರಿದಳು. ಕೆಳಗೆ ಎಲ್ಲರೂ ಕಾಯುತ್ತಿದ್ದಾರಲ್ಲ ಎಂದಳು.

“ಕಾಯ್ಲಿ. ಮೊದಲು ನೀನು ನನಗಿಡು. ಆಮೇಲೆ ಕೆಳಗೆ, ಎಲ್ಲರೆದುರಿಗೇ ನಾನು ನಿನಗಿಡ್ತೀನಿ.”

ಅಂಕಮ್ಮ ಇಟ್ಟ ಕುಂಕುಮ ಮೂಗಿನ ಮೇಲೂ ಉದುರಿತು. ನಾರಾಯಣಮ್ಮ ಅದನ್ನು ಒರೆಸಿಕೊಳ್ಳದೆ, ಅವಳ ಕೈ ಹಿಡಿದುಕೊಂಡು ಕೆಳಗಿಳಿದರು.