ಮೂಗಿನ ಮೇಷ್ಟ್ರು

"ಬೆಂಜೀನಿನಲ್ಲಿ ಕೈ ತೊಳೆದವನು ನಾನು. ಸತ್ತಿದ್ದೀನಾ? ಹೇಳು, ಸತ್ತಿದ್ದೀನಾ?"

"ಇಲ್ಲ ಸರ್."

"ಮತ್ತೆ ನಿನಗೇನು ದಾಡಿ?"

"ಆ ಫ್ಯಾನು ತಿರುಗೋವರೆಗೂ ನಾನು ಇಲ್ಲಿ ಕೆಲಸ ಮಾಡಲ್ಲ ಸರ್. ಬೈದ್ರೂ ಮಾಡಲ್ಲ."

ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಕೈಯಲ್ಲಿದ್ದ ಗಾಜಿನ ಕಡ್ಡಿಯನ್ನು ಮೇಜಿಗೆ ಕುಕ್ಕಿದರು. ಕಡ್ಡಿ ಮುರಿಯಿತು. ಎದುರಿಗೆ ನಿಂತವಳು ಅವರ ಕೈಕೆಳಗೆ ಡಾಕ್ಟರೇಟಿಗೆ ದುಡಿಯುತ್ತಿದ್ದ ವಿದ್ಯಾರ್ಥಿನಿ, ಒಂದು ಕೂಸಿನ ತಾಯಿ. ಅವಳು ಬೆರಳು ಮಾಡಿ ತೋರಿಸುತ್ತಿದ್ದದ್ದು ಮೂಲೆಯ ಗಾಜಿನ ಗೂಡನ್ನು. ಪ್ರಯೋಗದ ಕೆಟ್ಟ ಆವಿಯನ್ನೆಲ್ಲ ಎಳೆದು ಮಾಳಿಗೆಯ ಆಚೆಗೆ ಬಿಡಬೇಕಾದ ಗೂಡು ಅದು. ಅದರ ಫ್ಯಾನು ಕೆಟ್ಟು ಯಾವ ಕಾಲವಾಯಿತೋ. ಈಗ ಅದರೊಳಗೆ ಖಾಲಿ ಡಬ್ಬಗಳು, ಹರಿದ ಏಪ್ರನ್ನು, ಯಾರದೋ ಛತ್ರಿ.

"ಒಂದೇ ಒಂದು ಸಂಯುಕ್ತ ಮಾಡೋದು ಬಾಕಿ ಇದೆ. ಅದು ಆಗದಿದ್ರೆ ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕಲ್ಲ. ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಗುತ್ತೆ, ನೋಡ್ಕೋ."

"ಗೊತ್ತು ಸರ್. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ."

ಕಾಲೇಜಿನಲ್ಲಿ ಅವರನ್ನು ಮೂಗಿನ ಮೇಷ್ಟ್ರು ಎನ್ನುತ್ತಿದ್ದರು. ಅವರು ಓದುವಾಗ ರಾಸಾಯನಿಕಗಳನ್ನು ಗುರುತಿಸುವ ಯಂತ್ರಗಳಿರಲಿಲ್ಲ. ಬಾಟಲಿಯ ಬಾಯಿಗೆ ಮೂಗಿಟ್ಟು ಇದು ಇಂಥದ್ದು ಎಂದು ಹೇಳುವುದನ್ನು ಅವರ ಗುರುಗಳು ಕಲಿಸಿದ್ದರು. ಇವರು ಗುರುವನ್ನೇ ಮೀರಿಸಿದರು. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ನಾರುವ ಬಾಟಲಿಯೊಂದನ್ನು ಮೂಸಲು ಕೊಡುವುದು ಅವರ ಪದ್ಧತಿ. ಮುಖ ಹಿಂಡಿದವರಿಗೆ "ಹೋಗಪ್ಪ, ಚರಿತ್ರೆ ಓದ್ಕೋ ಹೋಗು" ಎನ್ನುತ್ತಿದ್ದರು. ಉಳಿದವರೆಲ್ಲ ನಗುತ್ತಿದ್ದರು. ಇದನ್ನು ಧೈರ್ಯ ಎಂದು ಕರೆಯುತ್ತಿದ್ದರು. ಹಾಗಾಗಿ ಫ್ಯಾನು ಕೇಳುವುದು ಹೇಡಿತನವಾಗಿತ್ತು. ಅವರ ಕೈಯಲ್ಲಿ ಕಲಿತವರು ಬೇರೆ ಬೇರೆ ಕಾಲೇಜುಗಳಿಗೆ ಹೋಗಿ ಅದನ್ನೇ ಕಲಿಸುತ್ತಿದ್ದರು.

ಆ ಮೂಗು ಸತ್ತುಹೋಗಿದೆ ಎಂದು ಹೆಂಡತಿಗೆ ಮಾತ್ರ ಗೊತ್ತಿತ್ತು. ಒಮ್ಮೆ ಮನೆಯಲ್ಲಿ ಗ್ಯಾಸು ಸೋರಿ ವಾಸನೆ ಬೀದಿಗೆ ಹೊಡೆಯುತ್ತಿದ್ದಾಗ ಇವರು ಅಡುಗೆಮನೆಯಲ್ಲಿ ನಿಂತು ಆರಾಮವಾಗಿ ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಆಕೆ ಓಡಿಬಂದು ಕೈಹಿಡಿದು ಹೊರಗೆಳೆದಿದ್ದಳು. "ಊರಿಗೆಲ್ಲ ಮೂಗು. ಮನೇಲಿ ಕನ್ನಡಕ ಇಡೋಕೆ ಮಾತ್ರ" ಎಂದಿದ್ದಳು. ವಯಸ್ಸಾಯಿತಲ್ಲ, ಕಣ್ಣು ಕಿವಿಯ ಹಾಗೆ ಮೂಗೂ ಸೋತಿದೆ ಎಂದು ಇವರು ಮಾತು ಮುಗಿಸಿದ್ದರು.

"ಏನಾಗಿದೆ ನಿನಗೆ? ತಲೆನೋವಾ? ನಮಗೆ ಬರ್ತಿರಲಿಲ್ವಾ ತಲೆನೋವು?"

ಅವಳು ಮುರಿದ ಕಡ್ಡಿಯ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಮೊನ್ನೆ ಹಾಲು ಸೀದು ಕರಕಲಾಯ್ತು. ನಾನು ಪಕ್ಕದಲ್ಲೇ ಕೂತು ಓದ್ತಿದ್ದೆ. ನಮ್ಮತ್ತೆ ಹೊರಗಿಂದ ಬಂದು, ಗರ ಬಡಿದವಳ ಹಾಗೆ ಕೂತಿದ್ದೀಯಲ್ಲೇ ಅಂದ್ರು. ಆಮೇಲೆ ಮಗೂಗೆ ಸ್ನಾನ ಮಾಡಿಸಿ ನೆತ್ತಿ ಮೂಸಿದೆ ಸರ್. ಕಲ್ಲು ಮೂಸಿದ ಹಾಗಾಯ್ತು."

"ನೆಗಡಿ."

"ನೆಗಡಿ ಇಲ್ಲ ಸರ್."

"ಹಾಗಾದ್ರೆ ನಾಟಕ." ಪ್ರಾಧ್ಯಾಪಕರು ಕಪಾಟಿನಿಂದ ಪಿರಿಡೀನ್ ಬಾಟಲಿಯನ್ನು ತೆಗೆದು ಬಿರಡೆ ಬಿಚ್ಚಿದರು. ಕೊಳೆತ ಮೀನಿನ ಹಾಗೆ ನಾರುವ ದ್ರವ ಅದು. ಬಾಟಲಿ ತೆರೆದರೆ ಎಂಥವನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. "ಮೂಸು. ನಿನ್ನ ಮುಖ ನೋಡ್ತೀನಿ."

ಅವಳು ಬಾಟಲಿಗೆ ಮೂಗಿಟ್ಟು ಎಳೆದುಕೊಂಡಳು. ಹುಬ್ಬು ಅಲುಗಲಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಅದು ವಾಸನೆಗೆ ಬಂದದ್ದಲ್ಲ.

"ಈಗ ನೀವು ಮೂಸಿ ಸರ್. ಇಲ್ಲಿ ಏನಾದ್ರೂ ಇದೆಯಾ ಅಂತ ನನಗೆ ಹೇಳಿ."

ಅವರು ಮೂಸಿದರು. ಗಂಟಲಲ್ಲಿ ಏನೋ ಚುಚ್ಚಿದಂತಾಯಿತು, ಅಷ್ಟೇ. ಬಾಟಲಿ ಇಬ್ಬರ ನಡುವೆ ತೆರೆದೇ ಇತ್ತು. ಅಷ್ಟರಲ್ಲಿ ಆಫೀಸಿನ ಗುಮಾಸ್ತ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದ.

"ಏನ್ ಸತ್ತಿದೆ ಸರ್ ಇಲ್ಲಿ? ಆಫೀಸಿನ ತನಕ ಹೊಡೀತಿದೆ. ಪ್ರಿನ್ಸಿಪಾಲ್ರು ಊಟದ ಡಬ್ಬಿ ಮುಚ್ಚಿಟ್ಟು ಎದ್ದುಬಿಟ್ರು. ನೀವಿಬ್ರೂ ಅದು ಹೇಗೆ ನಿಂತಿದ್ದೀರಿ ಪುಣ್ಯಾತ್ಮರೇ?"

ಅವನು ಉತ್ತರಕ್ಕೆ ಕಾಯದೆ ಓಡಿದ. ಅವಳು ಪ್ರಾಧ್ಯಾಪಕರ ಮುಖ ನೋಡಿದಳು.

"ನಿಮಗೂನಾ ಸರ್?"

ಅವರು ಬಿರಡೆ ಹಾಕಿದರು. ಸ್ಟೂಲಿನ ಮೇಲೆ ಕುಳಿತರು. ಎಷ್ಟೋ ವರ್ಷಗಳ ದಣಿವೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತಂತಿತ್ತು.

"ವಯಸ್ಸು ಅಂದ್ಕೊಂಡಿದ್ದೆ" ಎಂದರು. ಅವಳ ಕಡೆ ನೋಡಿ, "ನಿನಗೆಲ್ಲಿ ವಯಸ್ಸಾಗಿದೆ" ಎಂದರು.

"ವಾಪಸ್ಸು ಬರುತ್ತಾ ಸರ್?"

"ಗೊತ್ತಿಲ್ಲಮ್ಮ. ಇವತ್ತೇ ಡಾಕ್ಟರ ಹತ್ರ ಹೋಗು. ನಾನು ನಾಚಿಕೆಗೆ ಹೋಗದೆ ಕೂತೆ. ನಿನ್ನ ಸಾಮಾನು ಎತ್ಕೋ, ಈ ಕೋಣೇಲಿ ಇನ್ನು ಕಾಲಿಡಬೇಡ."

"ಆ ಸಂಯುಕ್ತ?"

"ಆಗಿರೋದು ಸಾಕು. ಬರಿ. ಸಹಿ ಹಾಕ್ತೀನಿ."

ಅವಳನ್ನು ಕಳಿಸಿ, ಕೋಣೆಗೆ ಬೀಗ ಹಾಕಿ, ಅವರು ಪ್ರಿನ್ಸಿಪಾಲರ ಮುಂದೆ ನಿಂತರು.

"ಫ್ಯಾನು ಬರೋವರೆಗೆ ಲ್ಯಾಬು ತೆಗೀಬೇಡಿ."

"ಏನ್ ಸರ್ ಇದು? ಫ್ಯಾನು ಬೇಡ, ಗಂಡಸರು ಕೆಲಸ ಮಾಡೋ ಜಾಗ ಅಂದವರು ನೀವೇ ಅಲ್ವಾ?"

"ಹೌದು. ಕೊಬ್ಬಿಗೆ ಅಂದೆ."

"ಮುಂದಿನ ವರ್ಷ ನೋಡೋಣ. ಈಗ ಮಕ್ಕಳು ಪ್ರಾಕ್ಟಿಕಲ್‌ಗೆ ಕಾಯ್ತಿದ್ದಾರೆ. ಪರೀಕ್ಷೆ ತಪ್ಪಿದ್ರೆ ಅವರ ಅಪ್ಪ ಅಮ್ಮಂದಿರಿಗೆ ಉತ್ತರ ಕೊಡೋನು ನಾನು. ನೀವು ತೆಗೀದಿದ್ರೆ ಇನ್ನೊಬ್ಬರ ಕೈಲಿ ತೆಗೆಸ್ತೀನಿ."

"ತೆಗೆಸಿ. ಆದ್ರೆ ಒಳಗೇನಾಗುತ್ತೆ ಅಂತ ತಿಳ್ಕೊಂಡೇ ಆ ಮಕ್ಕಳು ಒಳಗೆ ಹೋಗ್ಲಿ."

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವರು ಮತ್ತೆ ಲ್ಯಾಬಿನ ಕಡೆಗೆ ನಡೆದರು. ಬಾಗಿಲ ಮುಂದೆ ಬಿಳಿ ಏಪ್ರನ್ನಿನ ಹುಡುಗ ಹುಡುಗಿಯರು ಗುಂಪಾಗಿ ಗಲಾಟೆ ಮಾಡುತ್ತಿದ್ದರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಅವರೆಲ್ಲರ ಕಣ್ಣೆದುರು, ಪಾಠದಲ್ಲಿ ಬರೆಯುವ ದೊಡ್ಡ ಅಕ್ಷರಗಳಲ್ಲೇ ಬಾಗಿಲ ಮೇಲೆ ಬರೆದರು: "ಈ ಕೋಣೆಯ ಗಾಳಿ ಕುಡಿದು ನನ್ನ ಮೂಗು ಸತ್ತಿದೆ. ಫ್ಯಾನು ತಿರುಗದೆ ಒಳಗೆ ಹೋಗಬೇಡಿ." ಕೆಳಗೆ ಸಹಿ ಹಾಕಿದರು.

ಗಲಾಟೆ ನಿಂತಿತು. ಒಬ್ಬನಿಗೆ ನಗು ಬಂತು; ಪಕ್ಕದವಳು ಅವನ ಮೊಣಕೈ ತಿವಿದಳು. ಪ್ರಾಧ್ಯಾಪಕರು ತಮ್ಮ ಏಪ್ರನ್ನು ಬಿಚ್ಚಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದರು.

"ಸರ್, ನಾಳೆ ಪ್ರಾಕ್ಟಿಕಲ್ ಇದೆಯಾ?" ಎಂದು ಯಾರೋ ಮೇಲಿನಿಂದ ಕೂಗಿ ಕೇಳಿದರು.

ಅವರು ತಿರುಗಿ ನೋಡಲಿಲ್ಲ. ಮುಂದೆ ಪ್ರಬಂಧ ಬರೆದು ಮುಗಿಸಿದ ಮೇಲೆ ಸಹಿಗಾಗಿ ಆ ವಿದ್ಯಾರ್ಥಿನಿ ಅವರ ಮನೆಗೇ ಹೋಗಬೇಕಾಯಿತು. ಕಾಲೇಜಿಗೆ ಅವರು ಮತ್ತೆ ಬರಲೇ ಇಲ್ಲ.