ಮೊದಲ ರೊಟ್ಟಿಯ ಸದ್ದು

ಕೊಂಡಿ ತಣ್ಣಗಿದೆ, ಹೆಬ್ಬೆರಳಿಂದ ಒಂದಿಷ್ಟು ಒತ್ತಿದರೆ ಸಾಕು, ಸರಪಳಿ ಬಿಟ್ಟುಕೊಳ್ಳುತ್ತದೆ, ಆದರೆ ಸ್ನೇಹಾಳ ಬೆರಳು ಒತ್ತದೆ ಅಲ್ಲೇ ನಿಂತಿದೆ — ನಾಯಿ ಕರಿಯನ ಕೊರಳ ಸುತ್ತ ಕೂದಲುದುರಿದ ಬೋಳು ಉಂಗುರ, ಅದನ್ನು ನೋಡಲಾರದೆ ಹಳ್ಳದ ಕಡೆ ನೋಡುತ್ತಾಳೆ, ಬೆಳಗಾದರೆ ಡ್ಯಾಮಿನ ಕ್ವಾರ್ಟರ್ಸಿನ ನಾಯಿಗಳೆಲ್ಲ ಈ ದಂಡೆಯ ಬಯಲಿನಲ್ಲೇ, ಒಂದಕ್ಕೂ ಸರಪಳಿಯಿಲ್ಲ, ಪಕ್ಕದ ಮನೆಯ ಕೊಟ್ರಯ್ಯ ಮಾವನ ಮುದಿ ನಾಯಿ ಕೂಡ ಜಾಲಿಯ ನೆರಳಲ್ಲಿ ಊರಗೌಡನ ಹಾಗೆ ಅಡ್ಡಾಡುತ್ತಿದೆ. ಮಾವ ಅಲ್ಲಿಂದಲೇ ಕೂಗುತ್ತಾನೆ, ಏನವ್ವಾ ಸ್ನೇಹಾ, ನಾಯಿನ ಆಡಸಾಕ ತಂದೀಯೋ, ಜಾಮೀನಿನ ಮ್ಯಾಲೆ ತಂದೀಯೋ, ಬಿಡು ಅದನ್ನ. ಓಡಿ ಹೋಗತೈತ್ರಿ ಮಾವ. ಹೋದ್ರ ಹಸಿವಾದಾಗ ಬರತೈತಿ, ನಿಮ್ಮತ್ತಿ ಕೂಡ ಜಗಳಾಡಿ ಹೋಗಿ ನಾ ಬರಂಗಿಲ್ಲೇನು. ನಗು ಬಂತು, ಆದರೆ ಮಾವನಿಗೇನು ಗೊತ್ತು, ಅಜ್ಜಿ ತೀರಿಕೊಂಡ ಮೇಲೆ ಇಲ್ಲಿಗೆ ತಂದ ಕರಿಯ ಎರಡು ಸಲ ಓಡಿಹೋಗಿತ್ತು, ಅದಿರು ಲಾರಿಗಳ ರಸ್ತೆ ದಾಟಿ ಅಜ್ಜಿಯ ಊರು ಮಲಪನಗುಡಿಗೆ, ಬೀಗ ಹಾಕಿದ ಅವಳ ಮನೆಯ ಬಾಗಿಲಿಗೆ ಮೂತಿಯಿಟ್ಟು ಮಲಗಿತ್ತು, ಇನ್ನೊಂದು ಸಲ ಹೋದರೆ ಲಾರಿ ಬಿಟ್ಟೀತೇ — ಅದಕ್ಕೇ ಸರಪಳಿ, ಅದಕ್ಕೇ ಆ ಉಂಗುರ. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು, ದ್ಯಾಮಕ್ಕಜ್ಜಿ ಬೈಯುವುದೂ ಕಥೆಯಲ್ಲೇ, ಮೈಲಾರಪ್ಪ ರಕ್ಕಸರ ಮ್ಯಾಲೆ ಹೋಗಬೇಕಾದ್ರ ಮುಂದ ನಾಯಿಗಳ ದಂಡೇ ಇತ್ತವ್ವಾ, ಒಂದರ ಕೊರಳಾಗೂ ಹಗ್ಗ ಇರಲಿಲ್ಲ, ಸ್ವಾಮಿ ಕರೆದ್ರ ಬರತಿದ್ವು. ಹೆಂಗ ಕರೀತಿದ್ದ ಅಜ್ಜಿ? ಅಜ್ಜಿ ನಗುತ್ತ ರೊಟ್ಟಿ ಬಡಿಯುತ್ತಿದ್ದಳು, ಮೊದಲ ರೊಟ್ಟಿ ಯಾವತ್ತೂ ಕರಿಯನದೇ — ಬೆರಳು ಒತ್ತಿಬಿಟ್ಟಿತು. ಕರಿಯ ಹೋಗಿಯೇ ಹೋಯಿತು, ಹಳ್ಳ ಹಾರಿ, ಆಚೆ ದಂಡೆ ಏರಿ, ಲಾರಿ ಹಾರ್ನ್ ಕೇಳುವ ದಿಕ್ಕಿಗೇ, ಕರಿಯಾ, ಕರಿಯಾ, ತಿರುಗಲಿಲ್ಲ, ಯಾಕೆ ತಿರುಗುತ್ತದೆ, ಅಜ್ಜಿ ಅದನ್ನು ಹೆಸರು ಹಿಡಿದು ಕರೆದದ್ದಾದರೂ ಯಾವಾಗ, ಹೊತ್ತಿಗೆ ಸರಿಯಾಗಿ ಅದೇ ಓಡಿ ಬರುತ್ತಿತ್ತಲ್ಲ, ಎಲ್ಲಿದ್ದರೂ, ಬಾವಿಯ ಕಡೆ ಇದ್ದರೂ, ಏನು ಕೇಳಿ ಬರುತ್ತಿತ್ತು — ನಮ್ಮ ಮನೆಯಲ್ಲಿ ರೊಟ್ಟಿ ಅಂಗಡಿಯದು, ಪ್ಯಾಕೆಟ್ಟಿನ ಖಡಕ್ ರೊಟ್ಟಿ, ಒಂದು ದಿನವೂ ಯಾರೂ ಬಡಿದಿಲ್ಲ, ಪಾಪ ಅದು ಆ ಸದ್ದನ್ನೇ ಹುಡುಕಿಕೊಂಡು ಹೋಗುತ್ತಿತ್ತೇ? ಬಟ್ಟೆ ಒಗೆಯುವ ಬಂಡೆಯ ಮುಂದೆ ಕುಕ್ಕರಿಸಿ ಅಂಗೈ ಬಡಿಯುತ್ತಾಳೆ, ತಟ್ ತಟ್ ತಟ್, ತಡೆದು ತಿರುಗಿಸಬೇಕು, ತಟ್ ತಟ್ ತಟ್. ಏನ್ ಮಾಡಾಕತ್ತೀಯವ್ವಾ? ರೊಟ್ಟಿರಿ ಮಾವ. ಹಿಟ್ಟಿಲ್ಲದ್ದಾ? ಅಂಗೈ ಉರಿಯುತ್ತಿದೆ, ಆಚೆ ದಂಡೆಯ ಮೇಲೆ ಒಂದು ಕಪ್ಪು ಕಿವಿ ನೆಟ್ಟಗಾಗುತ್ತದೆ, ತಟ್ ತಟ್, ಅಜ್ಜಿ, ಕಥೆಗಳನ್ನಷ್ಟೇ ಕೊಟ್ಟೆ ಎಂದುಕೊಂಡಿದ್ದೆನಲ್ಲ, ಇದನ್ನೂ ನನ್ನ ಕೈಯೊಳಗೆ ಇಟ್ಟು ಹೋಗಿದ್ದೆಯಾ, ನೀರು ಸಿಡಿಯುತ್ತದೆ, ಒದ್ದೆ ಮೂತಿ ಅವಳ ಖಾಲಿ ಅಂಗೈಯಲ್ಲಿ ರೊಟ್ಟಿ ಹುಡುಕುತ್ತದೆ, ಸಿಗದೆ ಕೆಂಪಾದ ಅಂಗೈಯನ್ನೇ ನೆಕ್ಕುತ್ತದೆ, ಮನೆಗೆ ಹೋಗಿ ಹಿಟ್ಟು ಕಲಸಬೇಕು, ಜೋಳದ ಹಿಟ್ಟು ತರಬೇಕು, ಸರಪಳಿ ಎಲ್ಲಿ ಬಿತ್ತು, ಇರಲಿ — ಕೊರಳು, ಕೊರಳ ಸುತ್ತ ಆ ಬೋಳು ಉಂಗುರ, ಅದರ ಮೇಲೆ ಹಳ್ಳದ ನೀರು, ಆ ಉಂಗುರವನ್ನು ಈಗ ಕಣ್ಣು ತಿರುಗಿಸದೆ ನೋಡುತ್ತಾಳೆ.